ಎರಡು ದೇಶಗಳ ಸಂಬಳ ಹೋಲಿಸುವಾಗ ತಪ್ಪುವ ಲೆಕ್ಕ

ಹೊರದೇಶದ ಸಂಬಳವನ್ನು ಇವತ್ತಿನ ವಿನಿಮಯ ದರದಿಂದ ಗುಣಿಸುವುದೇ ಮೊದಲ ತಪ್ಪು. ಖರ್ಚೂ ಅಲ್ಲಿನ ಹಣದಲ್ಲೇ ಆಗುತ್ತದಲ್ಲ! ಪೂರ್ತಿ ಲೆಕ್ಕವನ್ನು ಅಲ್ಲಿನ ಕರೆನ್ಸಿಯಲ್ಲೇ ಹಾಕಿ, ಕೊನೆಗೆ ಉಳಿತಾಯವನ್ನಷ್ಟೇ ಪರಿವರ್ತಿಸಿ.

ತೆರಿಗೆಯಲ್ಲಿ ಎಡವುವವರೇ ಹೆಚ್ಚು. ಗರಿಷ್ಠ ಸ್ಲ್ಯಾಬ್ ದರ ಇಡೀ ಆದಾಯಕ್ಕೆ ಬೀಳುವುದಿಲ್ಲ. ಮೊದಲ 10,000ಕ್ಕೆ ಸೊನ್ನೆ, ಮುಂದಿನ 30,000ಕ್ಕೆ ಶೇ. 20, ಅದರ ಮೇಲಿನದಕ್ಕೆ ಶೇ. 40 ಎಂದಿಟ್ಟುಕೊಳ್ಳಿ. 50,000 ಆದಾಯಕ್ಕೆ ತೆರಿಗೆ 6,000 ಮತ್ತು 4,000, ಒಟ್ಟು 10,000. ನಿಜವಾದ ದರ ಶೇ. 20 ಮಾತ್ರ. ಇದರ ಮೇಲೆ ಸಾಮಾಜಿಕ ಭದ್ರತೆಯ ವಂತಿಗೆ ಕಳೆಯಲು ಮರೆಯಬೇಡಿ. ಜರ್ಮನಿಯಲ್ಲಿ ಸಾಮಾನ್ಯ ನೌಕರನ ಸಂಬಳದ ಸುಮಾರು ಐದನೇ ಒಂದು ಭಾಗ ಇದಕ್ಕೇ ಹೋಗುತ್ತದೆ. ಆದರೆ ಆರೋಗ್ಯ ವಿಮೆ, ಪಿಂಚಣಿ ಎರಡೂ ಅದರಲ್ಲೇ ಬರುತ್ತವೆ. ಇವನ್ನು ಕೈಯಿಂದ ಕಟ್ಟಬೇಕಾದ ದೇಶದಲ್ಲಿ ಆ ಮೊತ್ತವನ್ನು ಖರ್ಚಿಗೆ ಸೇರಿಸದಿದ್ದರೆ ಹೋಲಿಕೆಯೇ ಸುಳ್ಳು.

‘ತೆರಿಗೆ ಇಲ್ಲ’ ಎಂಬ ಮಾತನ್ನೂ ಬಿಡಿಸಿ ನೋಡಿ. ಅಮೆರಿಕದ ಟೆಕ್ಸಾಸ್‌ನಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲ, ಆಸ್ತಿ ತೆರಿಗೆ ಮಾತ್ರ ಭಾರಿ. ಫೆಡರಲ್, ಅಂದರೆ ಕೇಂದ್ರ ಸರ್ಕಾರದ ತೆರಿಗೆ ಹೇಗೂ ತಪ್ಪದು. ಯುಎಇಯಲ್ಲಿ ಸಂಬಳಕ್ಕೆ ತೆರಿಗೆ ಇಲ್ಲ, ಆದರೆ ಕೊಳ್ಳುವ ಸರಕು, ಸೇವೆಗಳ ಮೇಲೆ 2018ರಿಂದ ಶೇ. 5 ವ್ಯಾಟ್ ಇದೆ. ಇದೇ ವ್ಯಾಟ್ ಡೆನ್ಮಾರ್ಕ್‌ನಲ್ಲಿ ಶೇ. 25.

ಜೀವನವೆಚ್ಚದ ಸೂಚ್ಯಂಕ ನೋಡುವಾಗ ಬಾಡಿಗೆ ಸೇರಿದೆಯೇ ಎಂದು ಮೊದಲು ಪರೀಕ್ಷಿಸಿ. ಎಷ್ಟೋ ಸೂಚ್ಯಂಕಗಳು ಅದನ್ನು ಹೊರಗಿಡುತ್ತವೆ.