ಏರೋಪ್ಲೇನ್ ಚಿಟ್ಟೆಯ ರೆಕ್ಕೆ: ಮೂರನೇ ವಾರ

ಮಡಿಕೆ ರೆಕ್ಕೆ ಕೊನೆಗೂ ಹಾರಿತು! ಏರೋಪ್ಲೇನ್ ಚಿಟ್ಟೆಯ ರೆಕ್ಕೆಯಲ್ಲಿರುವಂಥ ಮಡಿಕೆಗಳನ್ನು ಪುಟ್ಟ ಗ್ಲೈಡರ್‌ನ (ಎಂಜಿನ್ ಇಲ್ಲದೆ ತೇಲುವ ಆಟಿಕೆ ವಿಮಾನದ) ರೆಕ್ಕೆಗೆ ಹಾಕಿದರೆ ಹೇಗೆ ಹಾರುತ್ತದೆ ಎಂದು ನೋಡುವುದೇ ನನ್ನ ಪ್ರಯೋಗ. ಶನಿವಾರ ಬೆಳಗ್ಗೆ ಆರಕ್ಕೇ ನಮ್ಮ ಬೀದಿಯ ಸಮುದಾಯ ಭವನದ ಬೀಗ ತೆಗೆಸಿ, ಕಿಟಕಿ ಮುಚ್ಚಿ, ಫ್ಯಾನ್ ಆರಿಸಿ ಎಸೆದು ನೋಡಿದೆವು. 6 ಗ್ರಾಂ ಗ್ಲೈಡರ್‌ಗೆ ಬಾಗಿಲ ಸಂದಿಯ ಗಾಳಿಯೂ ಜಾಸ್ತಿಯೇ.

ಮೈ, ಬಾಲ ಹಳೆಯವೇ. ರೆಕ್ಕೆ ಮಾತ್ರ ಬದಲಾಗುತ್ತದೆ. ಮೂರೂ ರೆಕ್ಕೆಗಳು 30 ಸೆಂ.ಮೀ. ಉದ್ದ, 5 ಸೆಂ.ಮೀ. ಅಗಲ. ಒಂದು ಥರ್ಮಾಕೋಲ್ ಉಜ್ಜಿ ಮಾಡಿದ್ದು, ದೊಡ್ಡ ವಿಮಾನದ ರೆಕ್ಕೆಯಂತೆ ದಪ್ಪ. ಇನ್ನೊಂದು ಸುಮ್ನೆ ಬಾಗಿಸಿದ ಡ್ರಾಯಿಂಗ್ ಶೀಟ್. ಮೂರನೆಯದು ಅದೇ ಶೀಟನ್ನು ಉದ್ದಕ್ಕೂ ಏರು-ತಗ್ಗು ಬರುವಂತೆ ಮಡಚಿದ್ದು. ತೂಕದ ವ್ಯತ್ಯಾಸವನ್ನು ಜೇಡಿಮಣ್ಣಿನಿಂದ ಸರಿದೂಗಿಸಿದೆ.

ಭುಜದ ಎತ್ತರದಿಂದ ಮೆಲ್ಲಗೆ ಬಿಟ್ಟಾಗ ಥರ್ಮಾಕೋಲ್ 4 ಮೀಟರ್ ಹೋಯಿತು, ಬಾಗಿದ ಶೀಟ್ 9, ಮಡಿಕೆಯದು 8. ದಪ್ಪ ರೆಕ್ಕೆ ಇಷ್ಟು ಸೋಲುತ್ತದೆ ಎಂದುಕೊಂಡಿರಲಿಲ್ಲ.

ಕಾರಣ ರೆನಾಲ್ಡ್ಸ್ ಸಂಖ್ಯೆಯಲ್ಲಿದೆ. ಹರಿಯುವ ಗಾಳಿಯ ರಭಸ ಅದರ ಸ್ನಿಗ್ಧತೆಯ (ಅಂಟುತನದ) ಮುಂದೆ ಎಷ್ಟು ಹೆಚ್ಚು ಎಂದು ಹೇಳುವ ಅಂಕಿ ಇದು. ಸೆಕೆಂಡಿಗೆ 3 ಮೀಟರ್ ವೇಗವನ್ನು 0.05 ಮೀಟರ್ ಅಗಲದಿಂದ ಗುಣಿಸಿ, ಗಾಳಿಯ ಸ್ನಿಗ್ಧತೆಯ ಅಂಕಿ 0.000015ರಿಂದ ಭಾಗಿಸಿದರೆ 10,000 ಬರುತ್ತದೆ. ಪ್ರಯಾಣಿಕರ ವಿಮಾನದಲ್ಲಿ ಇದು ಕೋಟಿಗಳಲ್ಲಿರುತ್ತದೆ. ಏರೋಪ್ಲೇನ್ ಚಿಟ್ಟೆಯದು ಸಾವಿರಗಳ ಲೆಕ್ಕ, ಅಂದರೆ ನನ್ನ ಗ್ಲೈಡರ್ ಅದರ ನೆಂಟ. ಇಷ್ಟು ಕಡಿಮೆ ಸಂಖ್ಯೆಯಲ್ಲಿ ಗಾಳಿ ದಪ್ಪ ರೆಕ್ಕೆಯ ಬೆನ್ನಿನಿಂದ ಬೇಗ ಕಿತ್ತುಕೊಳ್ಳುತ್ತದೆ, ಮತ್ತೆ ಬಂದು ಅಂಟುವುದೇ ಇಲ್ಲ. ತೆಳುವಾದ, ಚೂಪು ಅಂಚಿನ ರೆಕ್ಕೆಗೆ ಆ ತೊಂದರೆ ಕಡಿಮೆ. ಮಡಿಕೆ ರೆಕ್ಕೆಯಲ್ಲಂತೂ ತಗ್ಗುಗಳಲ್ಲಿ ಪುಟ್ಟ ಸುಳಿಗಳು ಕೂತುಬಿಡುತ್ತವೆ. ಮೇಲಿನ ಗಾಳಿ ಅವುಗಳ ಮೇಲೆ ನುಣುಪಾಗಿ ಜಾರಿಹೋಗುತ್ತದೆ. ಎಷ್ಟು ಚೆಂದ ಅಲ್ವಾ?

ಆದರೂ ಬಾಗಿದ ಶೀಟೇ ಒಂದು ಮೀಟರ್ ಹೆಚ್ಚು ಹೋಯಿತಲ್ಲ, ಹಾಗಾದರೆ ಮಡಿಕೆ ಯಾಕೆ ಬೇಕು? ಅಕ್ಕನ ಮಗ ಜೋರಾಗಿ ಎಸೆದಾಗ ಗೊತ್ತಾಯಿತು. ಬಾಗಿದ ಶೀಟ್ ತಿರುಚಿಕೊಂಡು ನೆಲಕ್ಕೆ ಮೂತಿ ಹೊಡೆಯಿತು. ಮಡಿಕೆಯದು ಒಂದಿಷ್ಟೂ ಅಲುಗದೆ ನೇರ ಹೋಯಿತು. ಅದೇ ಕಾಗದ, ಆದರೆ ಗಟ್ಟಿತನವೇ ಬೇರೆ. ಮಡಿಕೆಯ ನಿಜವಾದ ಲಾಭ ಈ ಬಿಗಿಯೇ ಎಂದು ಈಗ ನನಗನಿಸುತ್ತದೆ.

ಸಂಜೆ, ಕಿಟಕಿ ಬಳಿ ಸತ್ತುಬಿದ್ದಿದ್ದ ಏರೋಪ್ಲೇನ್ ಚಿಟ್ಟೆಯನ್ನು ಭೂತಗನ್ನಡಿಯಲ್ಲಿ ಮತ್ತೆ ನೋಡಿದೆ. ಮಡಿಕೆಗಳು ಮುಂದಿನ ಅಂಚಿನ ಹತ್ತಿರ ಆಳ, ಹಿಂದಕ್ಕೆ ಹೋದಂತೆ ಬಹುತೇಕ ಸಪಾಟು. ನಾನು ಪೂರ್ತಿ ಅಗಲಕ್ಕೂ ಒಂದೇ ಆಳದಲ್ಲಿ ಮಡಚಿದ್ದೆ!

ನಾಲ್ಕನೇ ರೆಕ್ಕೆಗೆ ಗೆರೆ ಎಳೆದಾಗಿದೆ. ಮುಂದಿನ 2 ಸೆಂ.ಮೀ.ನಲ್ಲಿ ಮೂರು ಮಡಿಕೆ, ಉಳಿದದ್ದು ಬರೀ ಬಾಗು. ಫೆವಿಕಾಲ್ ಒಣಗುತ್ತಿದೆ.