ಬೆಲೆ ಆಮೇಲೆ, ಮೊದಲು ಹಲಗೆ ನೋಡೋಣ

ಹಳೇ ಗ್ರ್ಯಾಂಡ್‌ಫಾದರ್ ಕ್ಲಾಕ್ (ನೆಲದ ಮೇಲೆ ನಿಲ್ಲುವ, ಎತ್ತರದ ಮರದ ಪೆಟ್ಟಿಗೆಯ ಪೆಂಡುಲಮ್ ಗಡಿಯಾರ) ಇರುವವರು ನನ್ನನ್ನು ಕೇಳುವ ಮೊದಲ ಪ್ರಶ್ನೆ, 'ಇದು ಎಷ್ಟು ಬೆಲೆ ಬಾಳುತ್ತೆ?' ನಾನು ಮೊದಲು ಒಂದು ಟಾರ್ಚ್ ಕೇಳುತ್ತೇನೆ. ಡಯಲ್ ಸುತ್ತ ಇರುವ ಮೇಲಿನ ಮರದ ಗೂಡನ್ನು ಮೆಲ್ಲಗೆ ಮುಂದಕ್ಕೆ ಎಳೆದು ತೆಗೆದು, ಯಂತ್ರ ಕೂತಿರುವ ಹಲಗೆಗೆ ಬೆಳಕು ಬಿಡುತ್ತೇನೆ. ಅಲ್ಲಿ ಬೇಡದ ತೂತುಗಳಿವೆಯಾ? ಎತ್ತರ ಸರಿಮಾಡೋಕೆ ಹೊಸ ಮರದ ಚೂರು ಸೇರಿಸಿದ್ದಾರಾ? ಡಯಲ್ ಅಂಚು ಚೌಕಟ್ಟಿಗೆ ಸರಿಯಾಗಿ ಕೂರುತ್ತಾ, ಇಲ್ಲ ಸಂದು ಬಿಟ್ಟಿದೆಯಾ? ಇದ್ದರೆ, ಪೆಟ್ಟಿಗೆ ಒಂದರದ್ದು, ಯಂತ್ರ ಇನ್ನೊಂದರದ್ದು ಇರಬಹುದು ಅನ್ನೋದಕ್ಕೆ ಅವು ಸುಳಿವು. ಈ ಗಡಿಯಾರಗಳಲ್ಲಿ ಇದು ತುಂಬಾ ಸಾಮಾನ್ಯ. ಹಾಗಿದ್ದರೆ ಬೆಲೆ ಬಹಳ ಇಳಿಯುತ್ತದೆ.

ಡಯಲ್ ಮೇಲಿನ ಹೆಸರನ್ನೇ ನಂಬಬೇಡಿ. ಎಷ್ಟೋ ಸಲ ಅದು ಮಾಡಿದವನದ್ದಲ್ಲ, ಮಾರಿದವನದ್ದು. ವಯಸ್ಸಿಗೆ ಡಯಲೇ ಒಳ್ಳೆ ಸುಳಿವು: ಇಂಗ್ಲಿಷ್ ಗಡಿಯಾರಗಳಲ್ಲಿ ಸುಮಾರು 1770ರವರೆಗೆ ಹಿತ್ತಾಳೆ ಡಯಲ್‌ಗಳೇ ಜಾಸ್ತಿ, ಬಣ್ಣ ಬಳಿದ ಬಿಳಿ ಡಯಲ್ ಬಂದದ್ದು ಆಮೇಲೆ. ಆ ಹಿತ್ತಾಳೆ ಡಯಲ್‌ನ ಅಂಕಿಗಳಿರುವ ಉಂಗುರಕ್ಕೆ ತೆಳ್ಳಗೆ ಬೆಳ್ಳಿ ಲೇಪ ಇರುತ್ತದೆ. ಪಾಲಿಶ್ ಹಾಕಿ ಉಜ್ಜಿದರೆ ಅದು ಹೋಯಿತು ಅಂತಲೇ. ದಯವಿಟ್ಟು ಉಜ್ಜಬೇಡಿ.

ಎಣ್ಣೆ ವಿಷಯಕ್ಕೂ ಅಷ್ಟೇ. ಚಕ್ರದ ಹಲ್ಲುಗಳಿಗೆ ಎಣ್ಣೆ ಬೇಡವೇ ಬೇಡ. ಚಕ್ರದ ಅಚ್ಚಿನ ತುದಿ ತಿರುಗುವ ಜಾಗಕ್ಕೆ ಗಡಿಯಾರದ ಎಣ್ಣೆ ಒಂದು ಚಿಕ್ಕ ಹನಿ ಸಾಕು. ಹಳೇ ಎಣ್ಣೆಗೆ ಧೂಳು ಸೇರಿದರೆ ಅದು ಮರಳು ಕಾಗದದ ಹಾಗೆ ಲೋಹವನ್ನೇ ತಿನ್ನುತ್ತದೆ. ಅದರ ಮೇಲೆ ಹೊಸ ಎಣ್ಣೆ ಬಿಡುವುದರಿಂದ ಪ್ರಯೋಜನವಿಲ್ಲ, ಬಿಚ್ಚಿ ತೊಳೆಸಬೇಕು.

ನನಗೆ ತುಂಬಾ ಇಷ್ಟದ ವಿಷಯ ಇನ್ನೊಂದಿದೆ. ವಾರಕ್ಕೊಮ್ಮೆ ಕೀಲಿ ಕೊಡುವ ಗಡಿಯಾರ ಚೆನ್ನಾಗೇ ಓಡಿ, ವಾರದ ಕೊನೆ ಹತ್ತಿರ ಬಂದಾಗ ಸುಮ್ನೆ ನಿಂತುಬಿಡುತ್ತದೆ. ಯಂತ್ರ ಕೆಟ್ಟಿದೆ ಅಂದುಕೊಳ್ಳುತ್ತಾರೆ. ಆದರೆ ಅಷ್ಟು ಹೊತ್ತಿಗೆ ಗಡಿಯಾರವನ್ನು ಓಡಿಸುವ ತೂಕದ ಗುಂಡುಗಳು ಇಳಿದು ಪೆಂಡುಲಮ್ ಗುಂಡಿನ ಮಟ್ಟಕ್ಕೆ ಬಂದಿರುತ್ತವೆ. ಆ ಪೆಂಡುಲಮ್ ಸುಮಾರು ಒಂದು ಮೀಟರ್ ಉದ್ದ, ಒಂದು ಕಡೆಯಿಂದ ಇನ್ನೊಂದು ಕಡೆಗೆ ಒಂದು ಸೆಕೆಂಡ್. ಪೆಟ್ಟಿಗೆ ಚೂರು ಅಲ್ಲಾಡಿದರೂ ತೂಕಗಳು ಅದೇ ಲಯದಲ್ಲಿ ತೂಗಲು ಶುರುಮಾಡಿ ಪೆಂಡುಲಮ್‌ನ ಶಕ್ತಿಯನ್ನು ಹೀರಿಕೊಳ್ಳುತ್ತವೆ. ಪೆಟ್ಟಿಗೆಯನ್ನು ಗೋಡೆಗೆ ಭದ್ರವಾಗಿ ಬಿಗಿದರೆ ಈ ತೊಂದರೆ ಸಾಮಾನ್ಯವಾಗಿ ಹೋಗುತ್ತದೆ. ಆಮೇಲೆ ಕಿವಿಗೊಟ್ಟು ಕೇಳಿ: ಟಿಕ್‌ಗೂ ಟಾಕ್‌ಗೂ ನಡುವಿನ ಅಂತರ ಎರಡೂ ಕಡೆ ಒಂದೇ ಇರಬೇಕು.

ಗಡಿಯಾರ ಹಿಂದೆ ಹೋಗುತ್ತಿದ್ದರೆ ಪೆಂಡುಲಮ್ ಕೆಳಗಿನ ನಟ್ ತಿರುಗಿಸಿ ಗುಂಡನ್ನು ತುಸು ಮೇಲೆತ್ತಿ, ಮುಂದೆ ಹೋಗುತ್ತಿದ್ದರೆ ಇಳಿಸಿ. ಗಂಟೆ ಹೊಡೆಯುವ ಗಡಿಯಾರದ ಮುಳ್ಳನ್ನು ಹಿಂದಕ್ಕೆ ತಿರುಗಿಸಬೇಡಿ. ಜಾಗ ಬದಲಿಸುವಾಗ ತೂಕ, ಪೆಂಡುಲಮ್ ಎರಡನ್ನೂ ಬಿಚ್ಚಿಡಿ, ಯಾವ ತೂಕ ಎಡಕ್ಕೆ, ಯಾವುದು ಬಲಕ್ಕೆ ಅಂತ ಚೀಟಿ ಕಟ್ಟಿಡಿ. ಎರಡರ ಭಾರ ಬೇರೆಬೇರೆ ಇರಬಹುದು.