ಹಳೆ ಟೋಪೋಶೀಟ್ ಹಿಡಿದು ಸಂಡೂರಿನ ನಾರಿಹಳ್ಳಕ್ಕೆ

ಸಂಡೂರಿನ ಕಣಿವೆಯಲ್ಲಿ ನಾರಿಹಳ್ಳದ ಜಾಡು ಹಿಡಿದು ನಡೆಯಲು ಬೇಕಾದ ಸರ್ವೆ ಆಫ್ ಇಂಡಿಯಾ ಟೋಪೋಶೀಟ್ (ಗುಡ್ಡ, ಹಳ್ಳ, ದಾರಿ, ಎತ್ತರ ತೋರಿಸುವ ನಕ್ಷೆಯ ಹಾಳೆ) 57ಎ/12. ದರೋಜಿ ಕರಡಿಧಾಮವನ್ನೂ ಸೇರಿಸಿಕೊಂಡರೆ 57ಎ/11 ಸಹ ಇರಲಿ. ಎರಡೂ ಹಾಳೆ ಕೂಡುವುದು 15 ಡಿಗ್ರಿ 15 ನಿಮಿಷದ ಅಕ್ಷಾಂಶದಲ್ಲಿ; ಕರಡಿಧಾಮ ಬಿದ್ದಿರುವುದು ಸರಿಯಾಗಿ ಆ ಅಂಚಿನ ಮೇಲೆಯೇ.

ಹಾಳೆ ಕೈಗೆ ಬಂದೊಡನೆ ಅಂಚಿನಲ್ಲಿ ಸಮೀಕ್ಷೆಯ ವರ್ಷ ಹುಡುಕಿ. ಮುದ್ರಣದ ವರ್ಷ ಬೇರೆ, ಅದನ್ನು ನಂಬಿದರೆ ಕೆಟ್ಟಿರಿ. ಇಂಚಿಗೆ ಒಂದು ಮೈಲಿಯ ಹಳೆ ಹಾಳೆಗಳಲ್ಲಿ ಎತ್ತರ ಅಡಿಯಲ್ಲಿದೆ. 1:50,000ದ ಹಾಳೆಯಲ್ಲಿ ಮೀಟರು, 2 ಸೆಂ.ಮೀ. ಅಂದರೆ ನೆಲದ ಮೇಲೆ ಒಂದು ಕಿ.ಮೀ.

ಹಾಳೆಯ ಸ್ಕ್ಯಾನನ್ನು ಫೋನಿಗೆ ಹಾಕುವಾಗಲೇ ಹೆಚ್ಚಿನವರು ಎಡವುವುದು. ಹಾಳೆಯಲ್ಲಿ ಐದೈದು ನಿಮಿಷಕ್ಕೆ ಅಕ್ಷಾಂಶ-ರೇಖಾಂಶಗಳ ಗೆರೆಗಳಿವೆ. ನಾಲ್ಕು ಮೂಲೆ ಸೇರಿ ಅವು ಕೂಡುವ ಜಾಗ 16. ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶದ ಜಿಯೋರೆಫರೆನ್ಸರಿನಲ್ಲಿ (ಚಿತ್ರವನ್ನು ಅಕ್ಷಾಂಶ-ರೇಖಾಂಶಕ್ಕೆ ಕೂಡಿಸುವ ಸಾಧನ) ಹದಿನಾರನ್ನೂ ಗುರುತಿಸಿ. ಹಳೆ ಹಾಳೆ ಎವರೆಸ್ಟ್ ಗೋಳಾಭ ಎಂಬ ಭೂಮಿಯ ಆಕಾರದ ಹಳೆ ಲೆಕ್ಕದ್ದು, ಜಿಪಿಎಸ್ ಡಬ್ಲ್ಯೂಜಿಎಸ್84 ಎಂಬ ಹೊಸ ಲೆಕ್ಕದ್ದು. ಹಾಗಾಗಿ ತಂತ್ರಾಂಶಕ್ಕೆ ಮೊದಲು ಹಳೆ ಲೆಕ್ಕದ ಕಲ್ಯಾಣಪುರ 1975 (ತಂತ್ರಾಂಶದಲ್ಲಿ ಅದರ ಸಂಕೇತ ಇಪಿಎಸ್‌ಜಿ 4146) ಕೊಟ್ಟು, ಆಮೇಲೆ ಡಬ್ಲ್ಯೂಜಿಎಸ್84ಕ್ಕೆ ಬದಲಿಸಿಕೊಳ್ಳಿ. ಈ ಹೆಜ್ಜೆ ಬಿಟ್ಟರೆ ನಕ್ಷೆ ನೂರು ಮೀಟರಿಗೂ ಮಿಕ್ಕಿ ಸರಿಯುತ್ತದೆ. ಕಾಲುದಾರಿ ಹಳ್ಳದ ಆಚೆ ದಡದಲ್ಲಿ ಕಾಣಿಸುತ್ತದೆ. ಸರ್ವೆಯ ಹೊಸ ಓಪನ್ ಸೀರೀಸ್ ಹಾಳೆಗಳಿಗೆ ಈ ರಗಳೆಯಿಲ್ಲ.

ದಾರಿ ತೋರಣಗಲ್ಲಿನಿಂದ. ಭೀಮಗಂಡಿಯಲ್ಲಿ ನಿಂತು ನಕ್ಷೆಯ ಕಂಟೂರು (ಒಂದೇ ಎತ್ತರದ ಜಾಗಗಳನ್ನು ಕೂಡಿಸುವ ಗೆರೆ) ನೋಡಿ: ಗುಡ್ಡದ ಸಾಲು ಸೀಳಿಕೊಂಡಲ್ಲಿ ಕಂದು ಗೆರೆಗಳು ಒಂದಕ್ಕೊಂದು ಅಂಟಿದಂತಿವೆ, ನಡುವೆ ನಾರಿಹಳ್ಳ. ಗಂಡಿ, ಹಳ್ಳ, ಗುಡ್ಡದ ಬುಡ, ಇವುಗಳ ಮಟ್ಟಿಗೆ ಹಳೆ ನಕ್ಷೆಯನ್ನು ಕಣ್ಣುಮುಚ್ಚಿ ನಂಬಬಹುದು. ನೀರಿನ ವಿಷಯದಲ್ಲಿ ಮಾತ್ರ ಬೇಡ. ನಾರಿಹಳ್ಳಕ್ಕೆ ಕಟ್ಟಿದ ತಾರಾನಗರದ ಅಣೆಕಟ್ಟಿಗೆ ಮೊದಲು ಸಮೀಕ್ಷೆಯಾದ ಹಾಳೆಯಲ್ಲಿ ಜಲಾಶಯವೇ ಇಲ್ಲ, ಅಲ್ಲಿ ತೋರಿಸಿದ ದಾರಿ ಈಗ ನೀರಿನಡಿ. ಗಣಿ ನಡೆದ ನೆತ್ತಿಗಳಂತೂ ನಕ್ಷೆಯ ಎತ್ತರದಲ್ಲಿ ಉಳಿದಿಲ್ಲ. ಅಲ್ಲಿ ಇತ್ತೀಚಿನ ಉಪಗ್ರಹ ಚಿತ್ರವೇ ಗತಿ.

ಕಬ್ಬಿಣದ ಅದಿರಿನ ಗುಡ್ಡ ಹತ್ತಿದ ಮೇಲೆ ದಿಕ್ಸೂಚಿಯ ಮುಳ್ಳು ಹಾದಿ ತಪ್ಪಬಹುದು. ಎರಡು ಗುರುತುಗಳನ್ನು ಕಣ್ಣಳತೆಯಲ್ಲಿಟ್ಟುಕೊಂಡೇ ನಕ್ಷೆ ತಿರುಗಿಸಿಕೊಳ್ಳಿ. ಮೀಸಲು ಅರಣ್ಯದ ಗಡಿ ದಾಟುವ ಮೊದಲು ಅರಣ್ಯ ಇಲಾಖೆಯ ಅನುಮತಿ ಬೇಕು, ಕರಡಿಧಾಮದೊಳಗೆ ಕಾಲ್ನಡಿಗೆಯ ಯೋಚನೆಯೇ ಬೇಡ. ಹಳ್ಳದಲ್ಲಿ ನೀರಿರುವುದು, ಬಿಸಿಲು ಸಹ್ಯವಾಗಿರುವುದು ಸೆಪ್ಟೆಂಬರಿನಿಂದ ಜನವರಿಯವರೆಗೆ. ಅದಿರು ಲಾರಿಗಳ ಧೂಳು ವರ್ಷಪೂರ್ತಿ, ಮೂಗಿಗೆ ಬಟ್ಟೆ ಇರಲಿ.